ಬಿ.ಕಾಂ. ಪಾಸಾಯ್ತು, ಎಕ್ಸೆಲ್ ಬರಲಿಲ್ಲ: ಡಿಗ್ರಿಯಿಂದ ಅಪ್ರೆಂಟಿಸ್‌ವರೆಗಿನ ನನ್ನ ಓಡಾಟ

ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರುವಷ್ಟರಲ್ಲಿ ನನಗೆ ವರ್ಷ ದಾಟಿಹೋಯಿತು. ಈಗ ಬೆಂಗಳೂರಿನ ಒಂದು ಸಣ್ಣ ಅಕೌಂಟ್ಸ್ ಆಫೀಸಿನಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ದೊಡ್ಡ ಕೆಲಸವೇನಲ್ಲ. ಆದರೆ ಇಲ್ಲಿಗೆ ಬರೋಕೆ ಏನೇನು ಕಲಿಯಬೇಕು, ಎಲ್ಲಿ ದುಡ್ಡು ಸುಮ್ನೆ ಹೋಗುತ್ತೆ, ಯಾವ ಕಾಗದಕ್ಕೆ ಎಲ್ಲಿ ತಗಲಿಹಾಕಿಕೊಳ್ಳುತ್ತೀವಿ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಊರಿನ ಕಡೆಯ ಜೂನಿಯರ್‌ಗಳು ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡೋಣ ಅನಿಸಿತು.

ನಮ್ಮದು ಚಿತ್ರದುರ್ಗ ಜಿಲ್ಲೆ. ಅಪ್ಪ ಶೇಂಗಾ ಬೆಳೆಯುತ್ತಾರೆ, ಮಳೆ ಬಂದ ವರ್ಷ. ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು.

2021ರಲ್ಲಿ ಸೇರಿದ ನಮ್ಮದು ರಾಜ್ಯದಲ್ಲಿ ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿಯ) ಮೊದಲ ಬ್ಯಾಚ್. ಅದರಲ್ಲಿ 'ಡಿಜಿಟಲ್ ಫ್ಲುಯೆನ್ಸಿ' ಅಂತಲೇ ಒಂದು ಪೇಪರ್ ಇತ್ತು. ಕೃತಕ ಬುದ್ಧಿಮತ್ತೆ, ಕ್ಲೌಡ್, ಡೇಟಾ ಅನಲಿಟಿಕ್ಸ್, ಸೈಬರ್ ಸೆಕ್ಯುರಿಟಿ, ಎಲ್ಲ ಒಳ್ಳೆಯ ವಿಷಯಗಳೇ. ಆದರೆ ಓದಿದ್ದು ನೋಟ್ಸ್‌ನಲ್ಲಿ, ಪಾಸಾಗಿದ್ದು ಕಾಗದದ ಮೇಲೆ. ಲ್ಯಾಬಿನಲ್ಲಿ ಕಂಪ್ಯೂಟರ್ ಇದ್ದವು, ಬಾಗಿಲಿಗೆ ಬೀಗವೂ ಇತ್ತು. ಬೀಗ ತೆಗೆದ ದಿನ ಒಂದೊಂದು ಮಷೀನಿಗೆ ನಾಲ್ಕೈದು ಜನ. ಮೌಸ್ ಹಿಡಿದವಳು ಒಬ್ಬಳು, ಮಿಕ್ಕವರು ಹಿಂದೆ ನಿಂತು ನೋಡುವವರು. ಫೋನ್ ಮಾತ್ರ ಎಲ್ಲರ ಕೈಯಲ್ಲೂ ಇತ್ತು. ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯ-ಕಾಲೇಜುಗಳ ಸರ್ಕಾರಿ ಪೋರ್ಟಲ್‌ನಲ್ಲಿ ಅಡ್ಮಿಷನ್ ಅರ್ಜಿ, ಸ್ಕಾಲರ್‌ಶಿಪ್, ರಿಸಲ್ಟ್ ನೋಡೋದು, ಎಲ್ಲಾ ಅದರಲ್ಲೇ. ಅದಕ್ಕೇ ಈಗಿನ ಹುಡುಗರಿಗೆ ಡಿಜಿಟಲ್ ತಾನಾಗೇ ಬರುತ್ತೆ ಅಂತ ದೊಡ್ಡವರೆಲ್ಲ ಅಂದುಕೊಂಡಿದ್ದಾರೆ. ಕಂಪನಿಯವರು ಕೂರಿಸೋದು ಕೀಬೋರ್ಡ್ ಮುಂದೆ. ಅಲ್ಲಿ ಹೆಬ್ಬೆರಳಿಗೆ ಏನೂ ಕೆಲಸವಿಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ಉದ್ಯೋಗ ಮೇಳದಲ್ಲಿ. 2024ರಲ್ಲಿ ಪಾಸಾದ ಮೇಲೆ ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ್ದೆ. (ಅದು ಪುಕ್ಕಟೆ, ಮಾಡಿಟ್ಟಿರಿ.) ಮೇಳದಲ್ಲಿ ಬೆಳಿಗ್ಗೆಯಿಂದ ಕ್ಯೂ. ಮಧ್ಯಾಹ್ನದ ಹೊತ್ತಿಗೆ ಒಂದು ಟೇಬಲ್ ಮುಂದೆ ಕೂತೆ. "ಎಕ್ಸೆಲ್ ಬರುತ್ತಾ?" ಅಂದರು. "ಬರುತ್ತೆ ಸರ್" ಅಂದೆ. ರೆಸ್ಯೂಮೆಯಲ್ಲಿ ಎಲ್ಲರೂ 'ಎಂಎಸ್ ಆಫೀಸ್' ಅಂತ ಬರೆದಿರ್ತೀವಿ ಅಲ್ವಾ, ನಾನೂ ಬರೆದಿದ್ದೆ. ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಸೇಲ್ಸ್ ಬಿಲ್‌ಗಳ ಉದ್ದದ ಪಟ್ಟಿ. "ಪಾರ್ಟಿವಾರು ಟೋಟಲ್ ತೆಗೀಮ್ಮ, ಪಿವಟ್ ಹಾಕಿದರೂ ಸರಿ, ಸಮ್‌ಇಫ್ ಆದರೂ ಸರಿ." (ಪಾರ್ಟಿ ಅಂದರೆ ವ್ಯವಹಾರದ ಗಿರಾಕಿ ಅಥವಾ ಮಾರಾಟಗಾರ; ಪಿವಟ್, ಸಮ್‌ಇಫ್ ಅಂದರೆ ಉದ್ದದ ಪಟ್ಟಿಯನ್ನು ಹೆಸರುವಾರು ಕೂಡಿಸುವ ಎಕ್ಸೆಲ್ ದಾರಿಗಳು.) ನನ್ನ ಕೈ ಹೋಗಿದ್ದು ಫೋನ್‌ ಕಡೆಗೆ, ಕ್ಯಾಲ್ಕುಲೇಟರ್ ತೆಗೆಯೋಕೆ. ಅವರು ಬಯ್ಯಲಿಲ್ಲ. "ಇದನ್ನು ಕಲಿತು ಬಾ, ವರ್ಷಗಟ್ಟಲೆ ಬೇಕಿಲ್ಲ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳತಿ ಏನೋ ಮಾತಾಡುತ್ತಿದ್ದಳು, ನನಗೆ ಒಂದೂ ಕೇಳಿಸಲಿಲ್ಲ. ಮೂರು ವರ್ಷ ಓದಿದ್ದಕ್ಕೆ ಇಷ್ಟೇನಾ ಅಂತ ಅಳು ಬರುವ ಹಾಗಾಗಿತ್ತು.

ಮುಂದಿನದು ಎಲ್ಲರೂ ಮಾಡೋದೇ. ಕಂಪ್ಯೂಟರ್ ಸೆಂಟರ್ ಸೇರೋದು. ಬೇಸಿಕ್, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ಎಲ್ಲ ಸೇರಿಸಿ 'ಡಿಪ್ಲೊಮಾ' ಅಂತ ಹೆಸರು. ಫೀಸು ಒಂಬತ್ತು ಸಾವಿರ, ಮೂರು ಕಂತಿನಲ್ಲಿ ಕಟ್ಟಿದೆ. ಮೊದಲು ಪೇಂಟ್‌ನಲ್ಲಿ ಮನೆ, ಬೆಟ್ಟ, ಸೂರ್ಯ ಬರೆಸಿದರು. ಆಮೇಲೆ ವರ್ಡ್‌ನಲ್ಲಿ ರಜಾ ಅರ್ಜಿ. ಎಕ್ಸೆಲ್ ಬರುವ ಹೊತ್ತಿಗೆ ಎರಡು ಕಂತು ಮುಗಿದಿತ್ತು, ಅದರಲ್ಲೂ ಮಾರ್ಕ್ಸ್ ಕಾರ್ಡ್ ಕೂಡಿಸೋದರ ಮುಂದಕ್ಕೆ ಹೋಗಲಿಲ್ಲ. ಟ್ಯಾಲಿ ಶುರುವಾದಾಗ ಒಂದು ವಿಚಿತ್ರ ಕಂಡಿತು. ನಮ್ಮ ಪ್ರಾಕ್ಟೀಸ್ ಕಂಪನಿಯ ವ್ಯಾಪಾರವೆಲ್ಲ ತಿಂಗಳ 1, 2 ಅಥವಾ 31ನೇ ತಾರೀಕೇ ನಡೆಯುತ್ತಿತ್ತು. ಬೇರೆ ತಾರೀಕು ಹಾಕಿದರೆ ತಗೊಳ್ಳುತ್ತಿರಲಿಲ್ಲ. ಯಾಕೆ ಮೇಡಂ ಅಂತ ಕೇಳಿದರೆ "ಅದು ಹಾಗೇ" ಅಂದರು. ಆಮೇಲೆ ಗೊತ್ತಾಯಿತು, ಅದು ಟ್ಯಾಲಿಪ್ರೈಮ್‌ನ ಎಜುಕೇಷನಲ್ ಮೋಡ್. ಕಲಿಯುವವರಿಗೆ ಅಂತ ಕಂಪನಿಯವರೇ ಲೈಸೆನ್ಸ್ ಇಲ್ಲದೆ ಪುಕ್ಕಟೆ ಬಿಟ್ಟಿರೋದು, ತಾರೀಕಿಗೆ ಮಾತ್ರ ಕಡಿವಾಣ. ಕಲಿಯೋಕೆ ಅದು ಧಾರಾಳ ಸಾಕು. ಆದರೆ ಮನೆಯಲ್ಲೇ ಇಳಿಸಿಕೊಂಡು ಕಲಿಯಬಹುದಾಗಿದ್ದಕ್ಕೆ ಒಂಬತ್ತು ಸಾವಿರ ಕೊಟ್ಟೆನಲ್ಲ ಅಂತ ಹೊಟ್ಟೆ ಉರಿಯಿತು.

ಪೂರ್ತಿ ದಂಡ ಅಂತಲೂ ಹೇಳಲ್ಲ. ದಿನಾ ಒಂದು ಗಂಟೆ ಕೀಬೋರ್ಡ್ ಮುಂದೆ ಕೂತು ಕೈ ಪಳಗಿತು, ನೋಡದೆ ಟೈಪ್ ಮಾಡೋದು ಬಂತು. ನೀವು ಸೆಂಟರ್ ಸೇರೋದಾದರೆ ಫೀಸು ಕಟ್ಟುವ ಮೊದಲು ಒಂದು ದಿನ ಸುಮ್ನೆ ಒಳಗೆ ಹೋಗಿ ಕೂತು ನೋಡಿ. ಒಬ್ಬರಿಗೆ ಒಂದು ಮಷೀನ್ ಇದೆಯಾ? ಎಕ್ಸೆಲ್‌ನಲ್ಲಿ ಪಿವಟ್, ಲುಕಪ್ (ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕೋದು) ಮಾಡಿಸುತ್ತಾರಾ? ಜಿಎಸ್‌ಟಿ ಅಂದರೆ ರಿಟರ್ನ್ ಶೀಟ್ ಇಟ್ಟುಕೊಂಡು ಮಾಡಿಸುತ್ತಾರಾ ಅಥವಾ ಬರೀ ನೋಟ್ಸ್ ಕೊಡುತ್ತಾರಾ? ಗೋಡೆ ಮೇಲಿನ 'ನೂರಕ್ಕೆ ನೂರು ಉದ್ಯೋಗ ಖಾತ್ರಿ' ಬೋರ್ಡು ನೋಡಬೇಡಿ. ಕೊನೆಗೆ ಕೊಡುವ ಹೊಳೆಯುವ ಸರ್ಟಿಫಿಕೇಟನ್ನು ನನಗೆ ಇಂಟರ್‌ವ್ಯೂನಲ್ಲಿ ಯಾರೂ ಕೈಯಲ್ಲಿ ಹಿಡಿದೂ ನೋಡಲಿಲ್ಲ.

ನಿಜವಾದ ಕಲಿಕೆ ಶುರುವಾಗಿದ್ದು ಲ್ಯಾಪ್‌ಟಾಪ್ ಬಂದ ಮೇಲೆ. ಅಮ್ಮ ಸಂಘದಲ್ಲಿ ಸಾಲ ತೆಗೆದರು. ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಕರೆದುಕೊಂಡು ಹೋದ. ಸೆಕೆಂಡ್ ಹ್ಯಾಂಡ್, ಹದಿನಾರು ಸಾವಿರದ ಹತ್ತಿರ ಆಯಿತು. ಅಲ್ಲಿ ಹತ್ತು ಸಾವಿರಕ್ಕೂ ಸಿಗುತ್ತೆ, ನೋಡೋಕೆ ಎಲ್ಲಾ ಒಂದೇ ಥರ ಇರುತ್ತೆ. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್ ಪ್ರೊಸೆಸರ್ 8ನೇ ಜನರೇಷನ್ ಅಥವಾ ಅದರ ನಂತರದ್ದು ಆಗಿರಬೇಕು. ಅದಕ್ಕಿಂತ ಹಳೆಯದನ್ನೇ ಕಡಿಮೆ ರೇಟಿಗೆ ತಳ್ಳುತ್ತಿರುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಅಪ್‌ಡೇಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರಲಿ. ಅಂಗಡಿಯಲ್ಲೇ ಆನ್ ಮಾಡಿಸಿ, ಕೀಬೋರ್ಡಿನ ಪ್ರತಿ ಕೀಲಿ ಒತ್ತಿ ನೋಡಿ. ನನಗೆ ಮೊದಲು ತೋರಿಸಿದ ಪೀಸಿನಲ್ಲಿ '7' ಬರುತ್ತಿರಲಿಲ್ಲ. ಅಕೌಂಟ್ಸ್ ಮಾಡುವವಳಿಗೆ 7 ಇಲ್ಲದಿದ್ದರೆ ಏನು ಗತಿ?

ಎಕ್ಸೆಲ್ ದುಡ್ಡು ಕೊಟ್ಟು ಕೊಳ್ಳೋಕೆ ಆಗಲಿಲ್ಲ. ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇದ್ದರೆ ಎಕ್ಸೆಲ್ ಪುಕ್ಕಟೆ ನಡೆಯುತ್ತೆ. ನೆಟ್ ಇಲ್ಲದಾಗ ಲಿಬ್ರೆ ಆಫೀಸ್ ಕ್ಯಾಲ್ಕ್. ಅದನ್ನು ಕಲಿಯೋಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಸಿಕ್ಕಿತು. ಕನ್ನಡದಲ್ಲೇ ಇದೆ! ಹತ್ತು ನಿಮಿಷದ ಆಸುಪಾಸಿನ ಚಿಕ್ಕ ಚಿಕ್ಕ ವಿಡಿಯೋ. ಒಂದು ಕಡೆ ವಿಡಿಯೋ, ಪಕ್ಕದಲ್ಲಿ ಕ್ಯಾಲ್ಕ್ ತೆರೆದಿಟ್ಟುಕೊಂಡು ಅವರು ಮಾಡಿದ್ದನ್ನೇ ನಿಲ್ಲಿಸಿ ನಿಲ್ಲಿಸಿ ಮಾಡಬೇಕು. ಕನ್ನಡ ಸ್ವಲ್ಪ ಪುಸ್ತಕದ ಕನ್ನಡ, ಎರಡು ದಿನಕ್ಕೆ ಒಗ್ಗುತ್ತೆ. ಇಂಗ್ಲಿಷ್ ಯೂಟ್ಯೂಬ್‌ನಲ್ಲಿ ಅರ್ಧ ಅರ್ಥವಾಗಿ ಅರ್ಧ ಬಿಟ್ಟಿದ್ದ ಫಿಲ್ಟರ್, ಸಾರ್ಟ್, ಸೆಲ್ ರೆಫರೆನ್ಸ್ ಎಲ್ಲ ಇಲ್ಲಿ ಸರಿಹೋಯಿತು. ಫಾರ್ಮುಲಾದಲ್ಲಿ ಆ ಡಾಲರ್ ಚಿಹ್ನೆ ಯಾಕೆ ಹಾಕ್ತಾರೆ ಅಂತ ಸೆಂಟರ್‌ನಲ್ಲಿ ಅಷ್ಟು ತಿಂಗಳು ತಿಳಿಯದಿದ್ದದ್ದು ಒಂದು ಸಂಜೆಯಲ್ಲಿ ತಿಳಿಯಿತು.

ಜೊತೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟೆಲ್‌ನವರ (ಐಐಟಿಗಳ ಆನ್‌ಲೈನ್ ಪಾಠದವರು) 8 ವಾರದ ಒಂದು ಕೋರ್ಸಿಗೂ ಸೇರಿದೆ. ಪಾಠ ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆ ಬರೆಯಬೇಕು. ನನಗೆ ಫೀಸು 1,000 ರೂಪಾಯಿ ಆಯಿತು. ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಂದರೆ ಸರ್ಟಿಫಿಕೇಟ್. ಮೊದಲ ವಾರಗಳಲ್ಲಿ ಉತ್ಸಾಹ ಇರುತ್ತೆ, ನಾಲ್ಕನೇ ವಾರಕ್ಕೆ ಹೊಲದಲ್ಲಿ ಕೆಲಸ, ಮನೆಯಲ್ಲಿ ನೆಂಟರು, ಅಸೈನ್‌ಮೆಂಟ್ ತಾರೀಕು ಜಾರಿಹೋಗುತ್ತೆ. ತಾರೀಕನ್ನು ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ನನಗೆ ಪರೀಕ್ಷಾ ಕೇಂದ್ರ ಹುಬ್ಬಳ್ಳಿ. ಹಾಲ್ ಟಿಕೆಟ್ ಜೊತೆ ಒರಿಜಿನಲ್ ಐಡಿ ಕಡ್ಡಾಯ, ಜೆರಾಕ್ಸ್ ತಂದಿದ್ದ ಒಬ್ಬ ಹುಡುಗ ಗೇಟಿನಲ್ಲಿ ಗೋಗರೆಯುತ್ತಿದ್ದ, ಪಾಪ.

ಹುಡುಗಿಯರಿಗೆ ಒಂದು ಮಾತು. ಶಕ್ತಿ ಯೋಜನೆ ಇಲ್ಲದಿದ್ದರೆ ನಾನು ಈ ಅರ್ಧ ಓಡಾಟವನ್ನೂ ಮಾಡುತ್ತಿರಲಿಲ್ಲ. ಪ್ರತಿ ಸಲ ಮನೆಯಲ್ಲಿ ಬಸ್ ಚಾರ್ಜು ಕೇಳಬೇಕಾಗಿದ್ದರೆ ಮೂರನೇ ಸಲಕ್ಕೇ "ಸಾಕು ಬಿಡು" ಅನ್ನುತ್ತಿದ್ದರು. ಆಧಾರ್ ತೋರಿಸಿದರೆ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಹೋಗಬಹುದು, ರಾಜಹಂಸಕ್ಕೆ ಹತ್ತಬೇಡಿ ಅಷ್ಟೇ. ಸೀಟು ಸಿಗೋದು ಬೇರೆ ವಿಷಯ.

ಇಷ್ಟಾದರೂ ನನಗೆ ಕೆಲಸ ಬರುತ್ತೆ ಅನ್ನುವ ಧೈರ್ಯ ಬಂದಿರಲಿಲ್ಲ. ಯಾಕಂದ್ರೆ ವಿಡಿಯೋಗಳಲ್ಲಿ ಕೊಡುವ ಪಟ್ಟಿಗಳೆಲ್ಲ ತೊಳೆದಿಟ್ಟ ಹಾಗೆ ಚೊಕ್ಕ. ನಮ್ಮ ಕಡೆ ಎಣ್ಣೆ ಮಿಲ್ಲುಗಳು ಜಾಸ್ತಿ. ಒಂದು ಮಿಲ್ಲಿನಲ್ಲಿ ನಮ್ಮ ದೂರದ ಸಂಬಂಧಿ ಲೆಕ್ಕ ಬರೆಯುತ್ತಾರೆ, ನಾನು ಮಾವ ಅಂತಲೇ ಕರೆಯೋದು. "ಮಾವ, ಸಂಬಳ ಬೇಡ, ಹಳೇ ಬಿಲ್ ಕೊಡಿ ಎಂಟ್ರಿ ಮಾಡ್ತೀನಿ" ಅಂದೆ. ನಕ್ಕರು. ಓನರ್‌ನ ಕೇಳಿ, ಪಾರ್ಟಿ ಹೆಸರು ತೆಗೆದು, ಹಿಂದಿನ ವರ್ಷದ ಖರೀದಿ ಪಟ್ಟಿ ಕೊಟ್ಟರು. ಅಬ್ಬಾ! ಒಂದೇ ಪಾರ್ಟಿಗೆ ನಾಲ್ಕು ಥರ ಸ್ಪೆಲ್ಲಿಂಗ್. ತಾರೀಕು ಕೆಲವು ಕಡೆ ದಿನ ಮೊದಲು, ಕೆಲವು ಕಡೆ ತಿಂಗಳು ಮೊದಲು. ಬಿಲ್ ನಂಬರ್ ಒಂದು ಕಡೆ '0045', ಇನ್ನೊಂದು ಕಡೆ '45'. ಮೊತ್ತದ ಕಾಲಂನಲ್ಲಿ ಅಂಕಿ ಅಂತ ಕಂಡಿದ್ದು ಅಕ್ಷರವಾಗಿ ಕೂತಿತ್ತು, ಕೂಡಿಸಿದರೆ ಸೊನ್ನೆ ಬರುತ್ತಿತ್ತು. ಮಾವನಿಗೆ ಎಕ್ಸೆಲ್ ಅಷ್ಟಾಗಿ ಬರಲ್ಲ, ಆದರೆ ಯಾವ ಬಿಲ್ ಯಾವ ಲಾರಿಯದ್ದು ಅಂತ ಬಾಯಲ್ಲೇ ಹೇಳುತ್ತಾರೆ. ಜಿಎಸ್‌ಟಿಆರ್-2ಬಿ ಅಂದರೇನು ಅಂತ ನನಗೆ ಅರ್ಥ ಮಾಡಿಸಿದ್ದು ಅವರೇ. ಮಾರಿದವನು ತನ್ನ ಜಿಎಸ್‌ಟಿಆರ್-1ನ್ನು, ಅಂದರೆ ಮಾರಾಟದ ಪಟ್ಟಿಯನ್ನು, ಮುಂದಿನ ತಿಂಗಳ 11ರ ಒಳಗೆ ಹಾಕುತ್ತಾನೆ, 14ಕ್ಕೆ ನಮಗೆ ನಮ್ಮ ಖರೀದಿಯ ಸರ್ಕಾರಿ ಪಟ್ಟಿ, ಅಂದರೆ 2ಬಿ, ಬರುತ್ತೆ, ಅದರಲ್ಲಿ ಇಲ್ಲದ ಬಿಲ್ಲಿಗೆ ನಮಗೆ ತೆರಿಗೆ ಕ್ರೆಡಿಟ್ ಇಲ್ಲ (ಖರೀದಿಗೆ ಕೊಟ್ಟ ತೆರಿಗೆ ನಮ್ಮ ಲೆಕ್ಕದಲ್ಲಿ ಕಡಿತ ಆಗಲ್ಲ), 20ಕ್ಕೆ ತಿಂಗಳ ರಿಟರ್ನ್ 3ಬಿ ಹಾಕಿ ತೆರಿಗೆ ಕಟ್ಟಬೇಕು. ಅಂದರೆ 14ರಿಂದ 20ರವರೆಗೆ ಅಕೌಂಟ್ಸ್‌ನವರು ಪೂರ್ತಿ ಮಾಡೋದು ಒಂದೇ ಕೆಲಸ: ನಮ್ಮ ಪಟ್ಟಿ, ಸರ್ಕಾರದ ಪಟ್ಟಿ, ಎರಡರಲ್ಲಿ ಯಾವುದು ತಾಳೆ ಆಗಲ್ಲ ಅಂತ ಹುಡುಕೋದು. ಬಿ.ಕಾಂ.ನಲ್ಲಿ ಜಿಎಸ್‌ಟಿ ಪೇಪರ್‌ನಲ್ಲಿ ಒಳ್ಳೆಯ ಮಾರ್ಕ್ಸ್ ಇತ್ತು ನನಗೆ. ಈ ಮಾತು ಎಲ್ಲೂ ಕಿವಿಗೆ ಬಿದ್ದಿರಲಿಲ್ಲ.

ನಿಮ್ಮ ಊರಲ್ಲಿ ಎಣ್ಣೆ ಮಿಲ್ ಇಲ್ಲದಿದ್ದರೆ ಅಡಿಕೆ ಮಂಡಿ ಇರುತ್ತೆ, ರೈಸ್ ಮಿಲ್ ಇರುತ್ತೆ, ಗೊಬ್ಬರದ ಅಂಗಡಿ ಇರುತ್ತೆ, ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸು ಇರುತ್ತೆ. ಹೋಗಿ ಕೇಳಿ. ಒಬ್ಬರು ಬೇಡ ಅಂದರೆ ಇನ್ನೊಬ್ಬರು ಹೂಂ ಅನ್ನುತ್ತಾರೆ.

ಈಗ ಕಾಗದಪತ್ರದ ಪುರಾಣ. ಕಲಿಯೋದಕ್ಕಿಂತ ಇದೇ ಜಾಸ್ತಿ ಸುಸ್ತು ಮಾಡಿತು.

ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ಇನಿಷಿಯಲ್ ಇದೆ. ಆಧಾರ್‌ನಲ್ಲಿ ಇನಿಷಿಯಲ್ ಇರಲಿಲ್ಲ, ಜೊತೆಗೆ ಒಂದು ಅಕ್ಷರ ಬೇರೆ. ಇಷ್ಟು ವರ್ಷ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಯಾಕಂದ್ರೆ ನೋಡುತ್ತಿದ್ದವರು ಮನುಷ್ಯರು. ಪೋರ್ಟಲ್ ಬಿಡಲ್ಲ. ಡಿಜಿಲಾಕರ್‌ನಲ್ಲಿ ಮಾರ್ಕ್ಸ್ ಕಾರ್ಡ್ ಎಳೆಯೋಕೆ ಹೋದರೆ ಹೆಸರು ಹೊಂದಲ್ಲ ಅನ್ನುತ್ತೆ. ಸೈಬರ್ ಸೆಂಟರ್ ಅಣ್ಣ "ಎಸ್‌ಎಸ್‌ಎಲ್‌ಸಿ ಯಾವತ್ತೂ ಮುಟ್ಟಬೇಡ, ಆಧಾರ್‌ನ ಅದಕ್ಕೆ ತಕ್ಕ ಹಾಗೆ ಮಾಡಿಸು" ಅಂದ. ನನಗೆ ಸಿಕ್ಕ ಒಳ್ಳೆಯ ಸಲಹೆಗಳಲ್ಲಿ ಅದೂ ಒಂದು. ಆಧಾರ್ ಕೇಂದ್ರದಲ್ಲಿ ಆಗ 50 ರೂಪಾಯಿ, 2025ರ ಅಕ್ಟೋಬರ್‌ನಿಂದ 75 ಆಗಿದೆ. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು, ಅದಕ್ಕೇ ಫಾರಂ ತುಂಬುವಾಗ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಅಪ್‌ಡೇಟ್ ಆಗುವವರೆಗೆ ಕಾಯೋದು, ಆಮೇಲೆ ಅದೇ ಹೆಸರಿಗೆ ಪ್ಯಾನ್ ಮತ್ತು ಬ್ಯಾಂಕ್.

ಇದರ ಮಧ್ಯೆ ಯುವನಿಧಿ. ಫಲಿತಾಂಶ ಬಂದು 180 ದಿನ ಆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧುವಿನಲ್ಲಿ ಅರ್ಜಿ. ಅರ್ಜಿ ಹಾಕೋದು ಸುಲಭ, ಆದರೆ ನಿಮ್ಮ ಡಿಗ್ರಿ ದಾಖಲೆಯನ್ನು ವಿಶ್ವವಿದ್ಯಾಲಯ ಎನ್‌ಎಡಿಗೆ, ಅಂದರೆ ರಾಷ್ಟ್ರೀಯ ಶೈಕ್ಷಣಿಕ ದಾಖಲೆ ಭಂಡಾರಕ್ಕೆ, ಏರಿಸಿರಬೇಕು. ನನ್ನದು ಏರಿರಲಿಲ್ಲ. ಕಾಲೇಜಿನಲ್ಲಿ ಕೇಳಿದರೆ "ನಾವು ಕಳಿಸಿದ್ದೀವಿ", ಆ ಕಡೆ ಕೇಳಿದರೆ "ನಮಗೆ ಬಂದಿಲ್ಲ". ಫೋನ್ ಎತ್ತಬೇಕಾದವರು ಊಟಕ್ಕೆ ಹೋಗಿದ್ದಾರೆ, ಊಟ ಮುಗಿದ ಮೇಲೆ ಮೀಟಿಂಗ್. ಕೊನೆಗೆ ರಿಜಿಸ್ಟರ್ ನಂಬರ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಆಧಾರ್ ಹಾಕಿ ಒಂದು ಇಮೇಲ್ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ, ಆದರೆ ಸ್ವಲ್ಪ ದಿನಕ್ಕೆ ದಾಖಲೆ ಕಾಣಿಸಿಕೊಂಡಿತು. ಬರೆದು ಕಳಿಸಿದ್ದಕ್ಕೇ ಆಯಿತೋ ಸುಮ್ನೆ ಆಯಿತೋ ದೇವರಿಗೇ ಗೊತ್ತು. ರಿಸಲ್ಟ್ ಬಂದ ವಾರವೇ ಡಿಜಿಲಾಕರ್ ತೆರೆದು ನೋಡಿಕೊಳ್ಳಿ, ಆರು ತಿಂಗಳು ಕಾದು ನೋಡಬೇಡಿ. ದುಡ್ಡು ಶುರುವಾದ ಮೇಲೆ 'ನನಗೆ ಇನ್ನೂ ಕೆಲಸ ಇಲ್ಲ' ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಾ ಇರಬೇಕು, ತಪ್ಪಿದರೆ ಕಂತು ನಿಲ್ಲುತ್ತೆ. ನನಗೆ ಬಂದಷ್ಟು ತಿಂಗಳಿನ ದುಡ್ಡು ನೇರ ಸಂಘದ ಕಂತಿಗೆ ಹೋಯಿತು.

ಅರ್ಜಿ ಹಾಕುವ ಕಾಲ ಬೇಜಾರಿನದು. ಕಳಿಸಿದ ರೆಸ್ಯೂಮೆಗಳಲ್ಲಿ ಬಹುಪಾಲಿಗೆ ಉತ್ತರವೇ ಇಲ್ಲ. ಬೇಗ ಉತ್ತರ ಕೊಡುವವರು ಯಾರು ಅಂದರೆ ಮೋಸಗಾರರು. "ಮನೆಯಿಂದಲೇ ಡೇಟಾ ಎಂಟ್ರಿ, ತಿಂಗಳಿಗೆ ಇಪ್ಪತ್ತೈದು ಸಾವಿರ, ಲ್ಯಾಪ್‌ಟಾಪ್ ನಾವೇ ಕಳಿಸ್ತೀವಿ, ಡೆಪಾಸಿಟ್ ಕಟ್ಟಿ." ನನ್ನ ಕ್ಲಾಸ್‌ಮೇಟ್ ಒಬ್ಬಳು ಕಟ್ಟಿದಳು. ಆಮೇಲೆ ಆ ನಂಬರ್ ಸ್ವಿಚ್ ಆಫ್. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅವಳು ಮನೆಯಲ್ಲಿ ಬಯ್ಯುತ್ತಾರೆ ಅಂತ ಹೆದರಿ ಎರಡು ದಿನ ಸುಮ್ಮನಿದ್ದಳು, ಅಷ್ಟರಲ್ಲಿ ಎಲ್ಲ ಕೈಬಿಟ್ಟಿತ್ತು. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಪಿಎಂ ಇಂಟರ್ನ್‌ಶಿಪ್‌ಗೂ ಹಾಕಿದ್ದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಾನು ಹಾಕಿದಾಗ ತಿಂಗಳಿಗೆ 5,000, ಒಂದು ವರ್ಷ ಇತ್ತು. ದೊಡ್ಡ ಕಂಪನಿ ಹೆಸರು ಸಿಗುತ್ತೆ ನಿಜ, ಆದರೆ ಊರು ಬಿಟ್ಟು ಇರಬೇಕಾದರೆ ಐದು ಸಾವಿರ ಪಿಜಿಗೇ ಸಾಲುತ್ತಿರಲಿಲ್ಲ. ಊರಿನ ಹತ್ತಿರ ಸಿಕ್ಕರೆ ನೋಡಿ.

ನನಗೆ ದಾರಿ ಆಗಿದ್ದು ಎನ್‌ಎಟಿಎಸ್, ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್. ಇದು ಬರೀ ಎಂಜಿನಿಯರಿಂಗ್‌ನವರಿಗೆ ಅಂತ ನಮ್ಮ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯವರಿಗೂ ಇದೆ. ಕರ್ನಾಟಕ ಬರೋದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಮಂಡಳಿಯ ಕೆಳಗೆ. ನಾನು ಸೇರಿದಾಗ ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ 9,000. ಅದರಲ್ಲಿ ಅರ್ಧ, 4,500, ಸರ್ಕಾರದ್ದು. ಕಂಪನಿ ಬೇಕಾದರೆ ಮೇಲೆ ಕೊಡಬಹುದು, ನಮ್ಮವರು ಸ್ವಲ್ಪ ಕೊಡುತ್ತಾರೆ. ನೋಂದಣಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಡಿಗ್ರಿ ಪ್ರೊವಿಷನಲ್ ಸರ್ಟಿಫಿಕೇಟ್, ಫೋಟೋ ಬೇಕಾಯಿತು. ಫೈಲ್ ಸೈಜ್ ಮಿತಿ ಇರುತ್ತೆ. ಫೋನ್‌ನಲ್ಲಿ ತೆಗೆದ ಫೋಟೋ ಯಾವತ್ತೂ ದೊಡ್ಡದಾಗೇ ಇರುತ್ತೆ, ಪಿಡಿಎಫ್ ಚಿಕ್ಕದು ಮಾಡೋದು ಕಲಿತಿದ್ದರೆ ಸೈಬರ್ ಸೆಂಟರ್‌ಗೆ ಪ್ರತಿ ಸಲ ಕೊಡುವ ಐವತ್ತು ರೂಪಾಯಿ ಉಳಿಯುತ್ತೆ.

ಟೆಸ್ಟಿಗೆ ಕರೆದ ದಿನ ನಾವು ಹತ್ತು ಹನ್ನೆರಡು ಜನ ಇದ್ದೆವು, ಎಂ.ಕಾಂ. ಆದವರೂ ಇದ್ದರು. ಪ್ರಶ್ನೆಪತ್ರಿಕೆ ಇಲ್ಲ. ಒಬ್ಬೊಬ್ಬರಿಗೆ ಒಂದು ಕಂಪ್ಯೂಟರ್, ಅದರಲ್ಲಿ ಎರಡು ಶೀಟ್. ಒಂದು ಪರ್ಚೇಸ್ ರಿಜಿಸ್ಟರ್, ಇನ್ನೊಂದು 2ಬಿ. "ತಾಳೆ ಆಗದ ಬಿಲ್ ಹುಡುಕಿ ಬೇರೆ ಶೀಟಿಗೆ ಹಾಕಿ. ಒಂದು ಗಂಟೆ ಟೈಮ್. ಗೂಗಲ್, ಚಾಟ್‌ಜಿಪಿಟಿ ಏನು ಬೇಕಾದರೂ ನೋಡಿಕೊಳ್ಳಿ" ಅಂದರು. ನನಗೆ ಎದೆ ಡವಡವ ಅಂದರೂ ಒಳಗೆ ಸ್ವಲ್ಪ ಖುಷಿಯಾಯಿತು. ಮಾವನ ಮಿಲ್ಲಿನ ಕೆಲಸವೇ ಇದು.

ಎಲ್ಲರೂ ವಿಲುಕಪ್ ಹಾಕಿದರು. ಎಲ್ಲರಿಗೂ ಕಾಲಂ ತುಂಬ 'ಎನ್/ಎ', ಅಂದರೆ ಸಿಗಲಿಲ್ಲ ಅಂತ, ಬಂತು. ಪಕ್ಕದ ಹುಡುಗ ಚಾಟ್‌ಜಿಪಿಟಿ ಕೇಳಿ ಫಾರ್ಮುಲಾ ಬದಲಿಸಿ ಬದಲಿಸಿ ಹಾಕುತ್ತಿದ್ದ, ಫಾರ್ಮುಲಾ ಎಲ್ಲಾ ಸರಿಯಾಗೇ ಇತ್ತು, ಉತ್ತರ ಅದೇ. ನಾನು ಒಂದು ಜಿಎಸ್‌ಟಿ ನಂಬರ್ ತೆಗೆದುಕೊಂಡು ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿದೆ. ಜಿಎಸ್‌ಟಿ ನಂಬರಿಗೆ 15 ಅಕ್ಷರ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರು. ಒಂದು ಶೀಟಿನಲ್ಲಿ 15 ಬಂತು. ಇನ್ನೊಂದರಲ್ಲಿ 16. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಕೂತಿತ್ತು. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಹಾಕಿದೆ, ಹೋಗಲಿಲ್ಲ. ವೆಬ್‌ಸೈಟಿನಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಬರುವ ಸ್ಪೇಸ್ ಬೇರೆ ಜಾತಿಯದು, ಅದರ ಕೋಡ್ 160, ಟ್ರಿಮ್‌ಗೆ ಅದು ಸಿಗಲ್ಲ. ಅಕ್ಷರ ಬದಲಿಸುವ ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಕ್ಯಾರ್ 160 (ಆ ಕೋಡಿನ ಅಕ್ಷರ) ಕೊಟ್ಟು ತೆಗೆಯಬೇಕು. ಇದಕ್ಕಾಗಿ ನಾನು ಊರಲ್ಲಿ ಒಂದು ಇಡೀ ಭಾನುವಾರ ತಲೆ ಕೆಡಿಸಿಕೊಂಡಿದ್ದೆ. ತೆಗೆದ ಮೇಲೆ ಅರ್ಧ ಬಿಲ್ ತಾಳೆಯಾಯಿತು. ಮಿಕ್ಕಿದ್ದಕ್ಕೆ ಬಿಲ್ ನಂಬರಿನ ಮುಂದಿನ ಸೊನ್ನೆ ಕಾರಣ. ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಎರಡನ್ನೂ ಜೋಡಿಸಿ ಒಂದೇ ಕಾಲಂ ಮಾಡಿ ಹುಡುಕಿದೆ, ಯಾಕಂದ್ರೆ '45' ಅನ್ನುವ ಬಿಲ್ ನಂಬರ್ ಎಷ್ಟು ಜನರ ಹತ್ತಿರ ಇರಲ್ಲ? ಟೈಮ್ ಮುಗಿದಾಗ ನನ್ನದು ಪೂರ್ತಿ ಆಗಿರಲಿಲ್ಲ. ಒಂದಷ್ಟು ಸಾಲಿನ ಮುಂದೆ 'ಮೊತ್ತದಲ್ಲಿ ವ್ಯತ್ಯಾಸ, ಬಿಲ್ ನೋಡಬೇಕು' ಅಂತ ಬರೆದು ಬಿಟ್ಟೆ.

ಆಮೇಲೆ ಒಂದು ಇಮೇಲ್ ಬರೆಸಿದರು. ಬಿಲ್ ಅಪ್‌ಲೋಡ್ ಮಾಡದ ಸಪ್ಲೈಯರ್‌ಗೆ, ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಬ್ಜೆಕ್ಟ್‌ನಲ್ಲಿ ಬಿಲ್ ನಂಬರ್, ತಾರೀಕು, ಒಳಗೆ ನಾಲ್ಕು ಸಾಲು, ಯಾವ ತಾರೀಕಿನೊಳಗೆ ಬೇಕು ಅಂತ ಬರೆದೆ. ಪಕ್ಕದವರದ್ದು 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗಿ ಒಂದು ಪುಟ ಇತ್ತು. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಅದೇ ಪತ್ರ ತಾನೆ.

ಇಂಟರ್‌ವ್ಯೂನಲ್ಲಿ ಮೇಡಂ ಕೇಳಿದ್ದು ಒಂದೇ: "ಈ 160 ನಿನಗೆ ಯಾರು ಹೇಳಿಕೊಟ್ಟರು?" ಎಣ್ಣೆ ಮಿಲ್ಲಿನ ಕಥೆ ಹೇಳಿದೆ. ಎನ್‌ಪಿಟೆಲ್ ಸರ್ಟಿಫಿಕೇಟ್ ನೋಡಿ "ಇದನ್ನು ಮನೆಯಲ್ಲೇ ಕೂತು ಮುಗಿಸಿದ್ಯಾ?" ಅಂದರು, ಅಷ್ಟೇ. ಡಿಗ್ರಿ ಪರ್ಸೆಂಟೇಜ್ ಕೇಳಲೇ ಇಲ್ಲ. ಕರೆ ಬರೋಕೆ ಎರಡು ವಾರದ ಹತ್ತಿರ ಆಯಿತು, ಅಷ್ಟರಲ್ಲಿ ನಾನು ಆಸೆ ಬಿಟ್ಟಿದ್ದೆ.

ಕಾಲೇಜಿನವರಿಗೂ ಒಂದು ಮಾತು ಹೇಳಬೇಕು ಅನಿಸುತ್ತೆ. ಹೊಸ ಹೊಸ ಹೆಸರಿನ ಪೇಪರ್ ಸೇರಿಸೋದು ಬೇಡ. ಊರಿನ ಒಂದು ಮಿಲ್ಲಿನದೋ ಸೊಸೈಟಿಯದೋ ಗಲೀಜು ಪಟ್ಟಿ ತಂದು ಲ್ಯಾಬಿನ ಬೀಗ ತೆಗೆದು ಒಂದು ಸೆಮಿಸ್ಟರ್ ಕೂರಿಸಿದರೆ ನಮ್ಮಂಥವರ ಒಂದು ವರ್ಷ ಉಳಿಯುತ್ತೆ. ಲೆಕ್ಚರರ್‌ಗಳ ಮೇಲೆ ತಪ್ಪು ಹೊರಿಸೋಕೆ ನನಗೆ ಮನಸ್ಸಿಲ್ಲ, ನಮ್ಮ ಅತಿಥಿ ಉಪನ್ಯಾಸಕರಿಗೆ ಅವರ ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ.

ಸೇರಿದ ಮೇಲಿನ ಒಂದು ಕಿರಿಕಿರಿ ಹೇಳಿ ಮುಗಿಸುತ್ತೇನೆ, ಇದು ತುಂಬಾ ಜನಕ್ಕೆ ಆಗುತ್ತೆ. ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಆಗಿ ನೀವು ಒಪ್ಪಿಗೆ ಕೊಟ್ಟ ಮೇಲೇ ಅಪ್ರೆಂಟಿಸ್ ಲೆಕ್ಕ. ಅದು ಆಗದೆ "ಸುಮ್ನೆ ಬಂದು ಶುರು ಮಾಡಿ" ಅಂದರೆ ಒಪ್ಪಬೇಡಿ. ಸರ್ಕಾರದ ಪಾಲು ನೇರ ನಿಮ್ಮ ಖಾತೆಗೆ ಬರುತ್ತೆ, ಆದರೆ ಯಾವ ಖಾತೆ? ನೀವು ಪಾಸ್‌ಬುಕ್ ಕೊಟ್ಟ ಖಾತೆಯೇ ಆಗಬೇಕೆಂದಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಸೀಡ್ (ಜೋಡಣೆ) ಆಗಿದೆಯೋ ಆ ಖಾತೆಗೆ. ನನ್ನ ಮೊದಲ ಕಂತು ಹೈಸ್ಕೂಲ್ ಸ್ಕಾಲರ್‌ಶಿಪ್‌ಗೆ ತೆರೆದಿದ್ದ ಹಳೇ ಖಾತೆಗೆ ಹೋಗಿತ್ತು. ಅದರ ಎಟಿಎಂ ಕಾರ್ಡೂ ಇಲ್ಲ, ಮೊಬೈಲ್ ನಂಬರ್ ಅಪ್ಪನ ಹಳೇ ಸಿಮ್. ಇದಕ್ಕಾಗಿ ರಜೆ ಹಾಕಿ ಊರಿಗೆ ಹೋಗಿ ಬ್ಯಾಂಕಿನಲ್ಲಿ ಕೂರಬೇಕಾಯಿತು. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರುತ್ತೆ, ಸೇರುವ ಮೊದಲೇ ನೋಡಿ ಬೇಕಾದ ಬ್ಯಾಂಕಿಗೆ ಬದಲಿಸಿಕೊಳ್ಳಿ. ಅಪ್ರೆಂಟಿಸ್ ಆದ ದಿನದಿಂದ ಯುವನಿಧಿ ಸಲ್ಲಲ್ಲ, ಆ ಸ್ವಯಂ ಘೋಷಣೆಯನ್ನೂ ಅಲ್ಲಿಗೇ ನಿಲ್ಲಿಸಿ. ಆಮೇಲೆ ವಾಪಸ್ ಕಟ್ಟಿ ಅಂತ ನೋಟಿಸ್ ಬರೋದು ಬೇಡ.